ಸೌತ್ ಪರೇಡಿನ ವರ್ತಕ, ಶಿವಾಜಿನಗರದ ದಾನಿ: ಹಾಜಿ ಸರ್ ಇಸ್ಮಾಯಿಲ್ ಸೇಟ್

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದೆ. ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಸಮಿತಿಯ ಹಿರಿಯರು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಶಾಲೆಯ ಹಳೆಯ ನೆನಪುಗಳನ್ನು ನಮ್ಮ ಗುರುಗಳೂ ನನಗಿಂತ ಹಿರಿಯರಾದ ವಿದ್ಯಾರ್ಥಿಗಳೂ ಈ ಸಂಚಿಕೆಯಲ್ಲಿ ಚೆನ್ನಾಗಿ ಬರೆದಿರುತ್ತಾರೆ. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವವನು, ಇತಿಹಾಸಕಾರನಲ್ಲ. ಆದರೂ ಬೆಂಗಳೂರಿನ ಪೂರ್ವ ಭಾಗದ ನಾವೆಲ್ಲ ಉಪಯೋಗಿಸುತ್ತಲೇ ಇದ್ದು, ಯಾರದೆಂದು ಕೇಳದೆ ಬಿಟ್ಟಿರುವ ಒಂದು ಹೆಸರಿನ ಬಗ್ಗೆ ಬರೆಯಬೇಕೆನಿಸಿತು.

ಕೆ.ಆರ್. ಪುರ, ಹಲಸೂರು, ಇಂದಿರಾನಗರದ ಕಡೆಯ ಎಷ್ಟೋ ಜನರ ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ಸ್ಥಳ ಎಂಬಲ್ಲಿ ಶಿವಾಜಿನಗರದ ಎಚ್.ಎಸ್.ಐ.ಎಸ್. ಗೋಷಾ ಆಸ್ಪತ್ರೆಯ ಹೆಸರಿದೆ. ನಮ್ಮ ಮನೆಯಲ್ಲೂ ಅಂಥ ಎರಡು ಪತ್ರಗಳಿವೆ. ಆ ನಾಲ್ಕು ಅಕ್ಷರಗಳ ಅರ್ಥವೇನೆಂದು ಊರಿನಲ್ಲಿ ಹತ್ತು ಜನರನ್ನು ಕೇಳಿ ನೋಡಿ, ಬಹುಶಃ ಒಬ್ಬರೂ ಹೇಳಲಾರರು. ಅದು ಒಬ್ಬ ವರ್ತಕರ ಹೆಸರು: ಹಾಜಿ ಸರ್ ಇಸ್ಮಾಯಿಲ್ ಸೇಟ್. ಅವರು ಅಂಗಡಿ ನಡೆಸಿ ದುಡಿದವರು. ಅವರ ಅಂಗಡಿ ಇವತ್ತು ಇಲ್ಲ. ಆದರೆ ದುಡಿದ ಹಣದಲ್ಲಿ ಅವರು ಮಾಡಿಟ್ಟದ್ದು ಇವತ್ತಿಗೂ ನಡೆಯುತ್ತಿದೆ.

ಕಛ್‌ನಿಂದ ಕಂಟೋನ್ಮೆಂಟಿಗೆ

ಇಸ್ಮಾಯಿಲ್ ಸೇಟ್ ಅವರು ಹುಟ್ಟಿದ್ದು 1859ರ ಮಾರ್ಚ್‌ನಲ್ಲಿ. ಅವರದು ಕಛ್ಛೀ ಮೇಮನ್ ಕುಟುಂಬ. ಕಛ್ ಎಂದರೆ ಗುಜರಾತಿನ ಪಶ್ಚಿಮ ಅಂಚಿನ ಒಣ ಸೀಮೆ. ಅಲ್ಲಿಂದ ಹೊರಟ ಈ ಮುಸ್ಲಿಂ ವರ್ತಕ ಸಮುದಾಯ ಮುಂಬಯಿ, ಕೊಚ್ಚಿ, ಮದ್ರಾಸು, ಮೈಸೂರು, ಬೆಂಗಳೂರು ಹೀಗೆ ವ್ಯಾಪಾರವಿದ್ದ ಊರಿಗೆಲ್ಲ ಹರಡಿಕೊಂಡಿತು. ಮನೆಯಲ್ಲಿ ಆಡುವ ಮಾತು ಸಿಂಧಿಗೆ ಹತ್ತಿರವಾದ ಕಛ್ಛೀ. ಅಂಗಡಿಯಲ್ಲಿ ಗಿರಾಕಿ ಆಡುವ ಭಾಷೆಯೇ ಅವರ ಭಾಷೆ. 'ಸೇಟ್' ಎಂಬ ಪದ ನಮಗೆ ಪರಕೀಯವೆನಿಸಬಹುದು. ಆದರೆ ಸಂಸ್ಕೃತದ 'ಶ್ರೇಷ್ಠಿ' ಉತ್ತರದಲ್ಲಿ ಸೇಠ್ ಆಯಿತು, ನಮ್ಮಲ್ಲಿ ಶೆಟ್ಟಿ ಆಯಿತು, ತಮಿಳರಲ್ಲಿ ಚೆಟ್ಟಿ ಆಯಿತು. ಮೂಲ ಒಂದೇ, ಅರ್ಥವೂ ಒಂದೇ.

ಅವರು ಹುಟ್ಟಿದಾಗ ಬೆಂಗಳೂರು ದಂಡು ಪ್ರದೇಶಕ್ಕೆ ಐವತ್ತು ವರ್ಷ. 1809ರಲ್ಲಿ ಬ್ರಿಟಿಷರು ಹಲಸೂರಿನ ಪಕ್ಕದ ಬಯಲಿನಲ್ಲಿ ಸೈನ್ಯ ತಂದು ನಿಲ್ಲಿಸಿದರು. ಸೈನ್ಯದ ಹಿಂದೆ ಅದಕ್ಕೆ ಬೇಕಾದವರೆಲ್ಲ ಬಂದರು: ಮದ್ರಾಸು ಕಡೆಯಿಂದ ತಮಿಳು ಮಾತಾಡುವ ಕೂಲಿಗಳು, ಕಂತ್ರಾಟುದಾರರು, ಬಟ್ಲರುಗಳು, ದಖ್ಖನಿ ಮಾತಾಡುವ ಕುದುರೆ ವ್ಯಾಪಾರಿಗಳು, ಕಸಾಯಿಗಳು, ದರ್ಜಿಗಳು, ತೆಲುಗಿನವರು, ಮಾರವಾಡಿಗಳು, ಆಂಗ್ಲೋ ಇಂಡಿಯನ್ನರು. ಸುತ್ತಲ ಹಳ್ಳಿಗಳ ಕನ್ನಡದ ರೈತರು ಹಾಲು, ಸೊಪ್ಪು, ಹುಲ್ಲು, ಸೌದೆ ಹೊತ್ತು ಬಂದರು. ಈಗಿನ ಶಿವಾಜಿನಗರವನ್ನು ಆಗ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದರು. ಬಿಳಿ ಅಕ್ಕಿ ಬೆಳೆಯುತ್ತಿದ್ದ 'ಬಿಳಿಅಕ್ಕಿಹಳ್ಳಿ' ಇಂಗ್ಲಿಷರ ಬಾಯಲ್ಲಿ ಹಾಗಾಯಿತೆಂದು ಜನ ಹೇಳುತ್ತಾರೆ.

ಸೇಟ್ ಅವರಿಗೆ ಐದು ವರ್ಷವಾಗಿದ್ದಾಗ, 1864ರಲ್ಲಿ, ಜೋಲಾರಪೇಟೆಯಿಂದ ಕಂಟೋನ್ಮೆಂಟ್ ಸ್ಟೇಷನ್ನಿಗೆ ರೈಲು ಬಂತು. ಮದ್ರಾಸಿನ ಬಂದರಿಗೆ ಇಳಿದ ಸಾಮಾನು ಎತ್ತಿನ ಗಾಡಿಯಲ್ಲಿ ವಾರಗಟ್ಟಲೆ ತೆವಳುವುದು ತಪ್ಪಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಇಂಗ್ಲೆಂಡಿನ ಹಡಗುಗಳು ಆಫ್ರಿಕಾವನ್ನು ಸುತ್ತಬೇಕಾಗಿರಲಿಲ್ಲ. ಈ ಎರಡು ಘಟನೆಗಳು ಲಂಡನ್ನಿನ ಗೋದಾಮನ್ನು ಬೆಂಗಳೂರಿಗೆ ಬಹಳ ಹತ್ತಿರ ತಂದವು. ಈ ಅವಕಾಶವನ್ನು ಬಳಸಿಕೊಂಡವರಲ್ಲಿ ಸೇಟ್ ಅವರು ಪ್ರಮುಖರು.

ಇಂಗ್ಲಿಷ್ ವೇರ್‌ಹೌಸ್

ಇಂದಿನ ಮಹಾತ್ಮ ಗಾಂಧಿ ರಸ್ತೆಯ ಹಳೆಯ ಹೆಸರು ಸೌತ್ ಪರೇಡ್. ಪರೇಡ್ ಮೈದಾನದ ದಕ್ಷಿಣ ಅಂಚಿನ ರಸ್ತೆಯಾದ್ದರಿಂದ ಆ ಹೆಸರು. ಒಂದು ಬದಿ ಕವಾಯತಿನ ಬಯಲು, ಇನ್ನೊಂದು ಬದಿ ಸಾಲು ಅಂಗಡಿ. ಅಲ್ಲಿ ಇಸ್ಮಾಯಿಲ್ ಸೇಟ್ ಅವರ ಅಂಗಡಿ ಇತ್ತು. ಅದರ ಹೆಸರು ಇಂಗ್ಲಿಷ್ ವೇರ್‌ಹೌಸ್. ಹೆಸರೇ ಹೇಳುವಂತೆ ಅದು ವಿಲಾಯಿತಿ ಸರಕಿನ ಅಂಗಡಿ.

ಸೌತ್ ಪರೇಡಿನ ಗಿರಾಕಿಗಳು ಯಾರು? ಮುಖ್ಯವಾಗಿ ಸೈನ್ಯದ ಅಧಿಕಾರಿಗಳು, ಅವರ ಹೆಂಡತಿಯರು, ರೆಸಿಡೆನ್ಸಿಯ ನೌಕರರು, ಕೋಲಾರದ ಚಿನ್ನದ ಗಣಿಯಿಂದ ರಜೆಯ ಮೇಲೆ ಬರುವ ಯುರೋಪಿಯನ್ನರು, ವೈಟ್‌ಫೀಲ್ಡಿನ ಆಂಗ್ಲೋ ಇಂಡಿಯನ್ ಕುಟುಂಬಗಳು, ನಮ್ಮವರಲ್ಲಿ ಅನುಕೂಲಸ್ಥರಾದ ಕೆಲವರು. ಟೋಪಿ, ಬೂಟು, ಉಣ್ಣೆಯ ಬಟ್ಟೆ, ಡಬ್ಬಿಯ ಬಿಸ್ಕತ್ತು, ಪಿಂಗಾಣಿ ಪಾತ್ರೆ, ದೀಪ, ಗಡಿಯಾರ, ಕುದುರೆಯ ಜೀನು, ಔಷಧ, ಪುಸ್ತಕ, ಎಲ್ಲವೂ ಆ ರಸ್ತೆಯಲ್ಲಿ ಸಿಗುತ್ತಿದ್ದವು. 1905ರಲ್ಲಿ ಹಿಗ್ಗಿನ್‌ಬಾಥಮ್ಸ್ ಪುಸ್ತಕದಂಗಡಿ ಬಂದದ್ದೂ ಅಲ್ಲೇ.

ನಮ್ಮ ಹಳ್ಳಿಯವರಿಗೆ ಆ ಅಂಗಡಿಗಳ ಒಳಗೆ ಕೆಲಸವಿರಲಿಲ್ಲ. ಆದರೆ ಅಲ್ಲಿಯ ಸರಕು ಬೇರೆ ದಾರಿಯಿಂದ ನಮ್ಮ ಮನೆಗೂ ನಮ್ಮ ಮಾತಿಗೂ ಬಂತು. ಹೊರಗಿನಿಂದ ಬಂದದ್ದಕ್ಕೆಲ್ಲ ನಮ್ಮ ಜನ 'ಸೀಮೆ' ಎಂಬ ಒಂದು ಪದ ಸೇರಿಸಿದರು. ದೀಪಕ್ಕೆ ಹಾಕುವುದು ಸೀಮೆಎಣ್ಣೆ, ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವುದು ಸೀಮೆಸುಣ್ಣ, ಹೆಚ್ಚು ಹಾಲು ಕೊಡುವುದು ಸೀಮೆಹಸು, ಚಪ್ಪರಕ್ಕೆ ಹಬ್ಬುವುದು ಸೀಮೆಬದನೆ. ಇಲ್ಲಿಯ ಹೊಲದಲ್ಲಿ ಬೆಳೆದ ಹೂಕೋಸು, ಕ್ಯಾರೆಟ್ಟು, ಬೀನ್ಸುಗಳನ್ನು ನಮ್ಮ ಹಿರಿಯರು ಕೊನೆಯತನಕ ಇಂಗ್ಲಿಷ್ ತರಕಾರಿ ಎಂದೇ ಕರೆದರು. ದಂಡಿನ ಊಟದ ಮೇಜು ನಮ್ಮ ಹೊಲದ ಬೆಳೆಯನ್ನೇ ಬದಲಿಸಿತು.

ನಾನು ಕೆಲಸ ಮಾಡುವುದು ದಾಸ್ತಾನು ಲೆಕ್ಕದ ತಂತ್ರಾಂಶದ ಮೇಲೆ. ಯಾವ ಸಾಮಾನು ಎಷ್ಟಿದೆ, ಯಾವಾಗ ಮುಗಿಯುತ್ತದೆ, ಮತ್ತೆ ಯಾವಾಗ ತರಿಸಬೇಕು ಎಂದು ಕಂಪ್ಯೂಟರ್ ಲೆಕ್ಕ ಹಾಕಿ ಹೇಳುತ್ತದೆ. ಹಾಗಾಗಿ ವಿಲಾಯಿತಿ ಅಂಗಡಿಯ ಕಷ್ಟ ನನಗೆ ಸ್ವಲ್ಪ ಅರ್ಥವಾಗುತ್ತದೆ. ಇಂಡೆಂಟು ಬರೆದು ಟಪಾಲಿಗೆ ಹಾಕಿದರೆ ಅದು ಲಂಡನ್ ಮುಟ್ಟಲು ವಾರಗಳು. ಅಲ್ಲಿ ಸರಕು ಕಟ್ಟಿ ಹಡಗು ಹತ್ತಿಸಿ ಬಂದರಿಗೆ, ಬಂದರಿನಿಂದ ರೈಲಿಗೆ ಬರಲು ಮತ್ತಷ್ಟು ವಾರಗಳು. ಚಳಿಗಾಲದ ಉಣ್ಣೆಯನ್ನು ಬೇಸಗೆಯಲ್ಲೇ ಹೇಳಿಡಬೇಕು. ಹೆಚ್ಚು ತರಿಸಿದರೆ ದುಡ್ಡು ಕಪಾಟಿನಲ್ಲಿ ಸಾಯುತ್ತದೆ. ಕಡಿಮೆ ತರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಒಂದು ದಂಡು ವರ್ಗವಾಗಿ ಇನ್ನೊಂದು ಬಂದರೆ ಬೇಕಾದ ಸಾಮಾನಿನ ಪಟ್ಟಿಯೇ ಬದಲು. ಇದನ್ನೆಲ್ಲ ಲೆಕ್ಕದ ಪುಸ್ತಕ ಮತ್ತು ಅನುಭವದ ಬಲದಿಂದಲೇ ನಡೆಸಬೇಕಿತ್ತು.

ಇನ್ನೊಂದು ಕಷ್ಟ ಸಾಲ. ಆ ಕಾಲದ ಸಾಹೇಬರು ಕೈಯಲ್ಲಿ ನಗದು ಹಿಡಿದು ಓಡಾಡುತ್ತಿರಲಿಲ್ಲ. ಚೀಟಿಗೆ ಸಹಿ ಹಾಕಿ ಸಾಮಾನು ಒಯ್ಯುವುದು, ತಿಂಗಳ ಕೊನೆಗೆ ಬಿಲ್ಲು ಕಳಿಸಿಕೊಳ್ಳುವುದು ವಾಡಿಕೆ. ಸಹಿ ಹಾಕಿದವನು ಅಷ್ಟರಲ್ಲಿ ಗಡಿಯ ಯುದ್ಧಕ್ಕೋ ಊರಿಗೋ ಹೊರಟುಹೋದರೆ ಬಾಕಿ ಬಾಕಿಯೇ. 1896ರಿಂದ 1899ರ ನಡುವೆ ಇಲ್ಲಿ ಸೇನಾಧಿಕಾರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್, ಮುಂದೆ ಇಂಗ್ಲೆಂಡಿನ ಪ್ರಧಾನಿಯಾದವರು, ಇಂದಿನ ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಕೊಂಡರು. ವಸೂಲಾಗದ ಸಾಲದ ಪಟ್ಟಿಯಲ್ಲಿ ಅವರ ಹೆಸರನ್ನು ಬರೆದಿಟ್ಟಿರುವುದು ಪ್ರಸಿದ್ಧವಾಗಿದೆ. ಕ್ಲಬ್ಬಿನ ಪಾಡೇ ಹೀಗಾದರೆ ಅಂಗಡಿಯವರ ಪಾಡನ್ನು ಊಹಿಸಬಹುದು. 16 ಆಣೆಗೆ ಒಂದು ರೂಪಾಯಿ, 12 ಪೈಗೆ ಒಂದು ಆಣೆ ಇದ್ದ ಕಾಲದಲ್ಲಿ 13 ರೂಪಾಯಿ ಸಣ್ಣ ಮೊತ್ತವಲ್ಲ. ಯಾರಿಗೆ ಎಷ್ಟು ಕೊಡಬಹುದು, ಯಾರ ಮಾತನ್ನು ನಂಬಬಹುದು ಎಂಬ ತೀರ್ಮಾನದ ಮೇಲೆಯೇ ವ್ಯಾಪಾರ ನಿಂತಿತ್ತು.

ಸೇಟ್ ಅವರ ವ್ಯವಹಾರ ಬೆಳೆದು ಮದ್ರಾಸಿನ ಮೌಂಟ್ ರೋಡಿನವರೆಗೆ ಹೋಯಿತು. ಹಜ್ ಯಾತ್ರೆ ಮಾಡಿ ಹಾಜಿ ಎನಿಸಿಕೊಂಡರು. ಬ್ರಿಟಿಷ್ ಸರ್ಕಾರ ಮೊದಲು ಖಾನ್ ಬಹದ್ದೂರ್, ಆಮೇಲೆ ಸರ್ ಪದವಿ ಕೊಟ್ಟಿತು. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಬಿರುದು ಫಕ್ರ್-ಉತ್-ತುಜ್ಜಾರ್, ಅಂದರೆ ವರ್ತಕರ ಹೆಮ್ಮೆ. ಬ್ರಿಟಿಷರ ಪದವಿಗಳನ್ನು ಅಧಿಕಾರಿಗಳೂ ಜಮೀನ್ದಾರರೂ ಪಡೆಯುತ್ತಿದ್ದರು. ಮಹಾರಾಜರದು ಮಾತ್ರ ಅವರ ಕಸುಬನ್ನೇ ಹೆಸರಿಸಿ ಗೌರವಿಸಿದ ಬಿರುದು.

ಒಂದೇ ಊರು, ಎರಡು ಸರ್ಕಾರ

ಸೇಟ್ ಅವರ ಬದುಕನ್ನು ತಿಳಿಯಬೇಕಾದರೆ ಆಗಿನ ಬೆಂಗಳೂರಿನ ವಿಚಿತ್ರ ಸ್ಥಿತಿಯನ್ನೂ ತಿಳಿಯಬೇಕು. 1881ರಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದರು, ಆದರೆ ದಂಡು ಪ್ರದೇಶವನ್ನು ತಮ್ಮ ಬಳಿಯೇ ಉಳಿಸಿಕೊಂಡರು. ಅದಕ್ಕೆ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂದು ಹೆಸರು. ಕಬ್ಬನ್ ಪಾರ್ಕಿನ ಪಶ್ಚಿಮಕ್ಕೆ ಮಹಾರಾಜರ ಬೆಂಗಳೂರು, ಪೂರ್ವಕ್ಕೆ ರೆಸಿಡೆಂಟರ ಬೆಂಗಳೂರು. ಎರಡು ಪುರಸಭೆ, ಎರಡು ಪೊಲೀಸು, ಎರಡು ನ್ಯಾಯಾಲಯ. ಚಿಕ್ಕಪೇಟೆ, ಬಳೇಪೇಟೆಯ ವರ್ತಕರು ಒಂದು ಕಾನೂನಿಗೆ ಒಳಪಟ್ಟರೆ, ಕಮರ್ಷಿಯಲ್ ಸ್ಟ್ರೀಟು, ಇಬ್ರಾಹಿಂ ಸಾಹೇಬರ ಬೀದಿಯ ವರ್ತಕರು ಇನ್ನೊಂದಕ್ಕೆ. ಸ್ವಾತಂತ್ರ್ಯ ಬರುವ ಮುನ್ನ, 1947ರ ಜುಲೈನಲ್ಲಿ, ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಸೇರಿ ಒಂದು ನಗರಪಾಲಿಕೆಯಾಯಿತು.

ನಮ್ಮ ಹಳ್ಳಿಗಳು ಈ ಗೆರೆಯ ಹೊರಗೆ, ಮೈಸೂರು ಸೀಮೆಯಲ್ಲಿದ್ದವು. ಆದರೆ ವ್ಯಾಪಾರಕ್ಕೆ ಹತ್ತಿರವಾದದ್ದು ಗೆರೆಯ ಒಳಗಿನ ದಂಡೇ. ಹೊಸಕೋಟೆ, ಕೆ.ಆರ್. ಪುರದಿಂದ ಹಳೆಯ ಮದ್ರಾಸು ರಸ್ತೆ ಹಿಡಿದರೆ ನೇರವಾಗಿ ಹಲಸೂರು. ನಮ್ಮ ಹಿರಿಯರು ನಡುರಾತ್ರಿಯೇ ಗಾಡಿ ಕಟ್ಟಿ ಹೊರಡುತ್ತಿದ್ದರಂತೆ. ಸೊಪ್ಪು ಬಾಡುವ ಮೊದಲು, ಬೆಳಕು ಹರಿಯುವ ಹೊತ್ತಿಗೆ ಮುಟ್ಟಬೇಕು. ಮಾರಿ ಬಂದ ಹಣದಲ್ಲಿ ಉಪ್ಪು, ಸೀಮೆಎಣ್ಣೆ, ಹೊಗೆಸೊಪ್ಪು, ಹಬ್ಬವಿದ್ದರೆ ಒಂದು ತುಂಡು ಬಟ್ಟೆ ಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಿರುಗುವುದು. ಹೋದವರು ಮೂರು ಭಾಷೆಯಲ್ಲಿ ಚೌಕಾಸಿ ಮಾಡುವುದನ್ನು ಕಲಿತು ಬರುತ್ತಿದ್ದರು. ನನ್ನ ಅಜ್ಜಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ತಮಿಳು, ಉರ್ದು, ತೆಲುಗಿನಲ್ಲಿ ಲೆಕ್ಕ ಹೇಳಲು ಬರುತ್ತಿತ್ತು.

ಕೊಡುವುದು, ಕೊಳ್ಳುವುದು ಅಂಗಡಿಗೆ ಮಾತ್ರ ಸೀಮಿತವಾಗಿರಲಿಲ್ಲ. ಸೆಪ್ಟೆಂಬರ್ 8ಕ್ಕೆ ಬ್ಲ್ಯಾಕ್‌ಪಲ್ಲಿಯ ಸಂತ ಮೇರಿಯ ತೇರು ನಡೆದರೆ ಹೂವು ಕಟ್ಟಿ ಮಾರುವವರು ಹಿಂದೂಗಳು, ಹರಕೆ ಹೊತ್ತು ನಿಲ್ಲುವವರು ಎಲ್ಲ ಜಾತಿಯವರು. ಹಲಸೂರು ಸೋಮೇಶ್ವರನ ಪಲ್ಲಕ್ಕಿಯ ರಾತ್ರಿ ಬೀದಿಯ ತುಂಬ ಎಲ್ಲರ ಅಂಗಡಿ. ರಂಜಾನಿನಲ್ಲಿ ಮಸೀದಿಯ ಬೀದಿಗಳು ರಾತ್ರಿಯೆಲ್ಲ ಎಚ್ಚರ. ಒಬ್ಬರ ಹಬ್ಬ ಇನ್ನೊಬ್ಬರ ವ್ಯಾಪಾರವಾಗಿತ್ತು, ವ್ಯಾಪಾರದಿಂದ ಪರಿಚಯ ಬೆಳೆಯುತ್ತಿತ್ತು.

ಪ್ಲೇಗು ಕಲಿಸಿದ ಪಾಠ

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಸೇಟ್ ಅವರಿಗೆ ಆಗ 39 ವರ್ಷ. ಇಲಿ ಸತ್ತು ಬಿದ್ದರೆ ಮನೆ ಬಿಟ್ಟು ಓಡುವ ಕಾಲವದು. ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು, ಅಂಗಡಿಗಳು ಬಾಗಿಲು ಹಾಕಿದವು, ಪ್ರಯಾಣಿಕರನ್ನು ತಡೆದು ತಪಾಸಣೆ ಮಾಡಿದರು. ಬೆಂಗಳೂರಿನ ಸುತ್ತಮುತ್ತ ಪ್ಲೇಗಿನ ಅಮ್ಮನ ಗುಡಿಗಳು ಹುಟ್ಟಿಕೊಂಡದ್ದು ಆ ಭಯದಿಂದಲೇ. ಹೆಚ್ಚು ನರಳಿದ್ದು ಗಾಳಿ ಬೆಳಕಿಲ್ಲದ ಓಣಿಗಳಲ್ಲಿ ಒತ್ತಾಗಿ ಬದುಕುತ್ತಿದ್ದ ಬಡವರು.

ಆಮೇಲೆ ದಂಡಿನ ಆಡಳಿತ ಹೊಸ ಬಡಾವಣೆ ಮಾಡಲು ಹೊರಟಿತು. ಪುರಸಭೆಯ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಅವರು ಇಲಿ ಸೇರಿಕೊಳ್ಳದಂತೆ ಗಟ್ಟಿ ಅಡಿಪಾಯ, ಪ್ರತಿ ಮನೆಗೂ ಗಾಳಿ ಬೆಳಕು, ಅಗಲವಾದ ರಸ್ತೆಗಳಿರುವ ನಕ್ಷೆ ಹಾಕಿದರು. 1910ರಲ್ಲಿ ಉದ್ಘಾಟನೆಯಾದ ಆ ಬಡಾವಣೆಯೇ ಫ್ರೇಜರ್ ಟೌನ್, ಈಗಿನ ಪುಲಿಕೇಶಿನಗರ. ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಜರ್ ಅವರ ಹೆಸರನ್ನು ಅದಕ್ಕಿಟ್ಟರು. ಅಲ್ಲಿ ನೆಲೆಸಿದ ಮುಸ್ಲಿಮರಿಗೆ ಮಸೀದಿ ಕಟ್ಟಿಸಿಕೊಟ್ಟವರು ಇಸ್ಮಾಯಿಲ್ ಸೇಟ್. ಅದು ಇಂದಿಗೂ ಹಾಜಿ ಸರ್ ಇಸ್ಮಾಯಿಲ್ ಸೇಟ್ ಮಸೀದಿ. ಅದರಿಂದಲೇ ಆ ರಸ್ತೆಗೆ ಮಾಸ್ಕ್ ರೋಡ್ ಎಂಬ ಹೆಸರು. ರಂಜಾನಿನ ತಿಂಗಳಲ್ಲಿ ನಮ್ಮ ಕಂಪನಿಗಳ ಹುಡುಗರು ಜಾತಿ ಭೇದವಿಲ್ಲದೆ ತಿಂಡಿ ತಿನ್ನಲು ಗುಂಪುಗುಂಪಾಗಿ ಹೋಗುವ ರಸ್ತೆ ಅದೇ.

ಗೋಷಾ ಆಸ್ಪತ್ರೆ

ಸೇಟ್ ಅವರ ದಾನಗಳಲ್ಲಿ ನನಗೆ ಬಹಳ ದೊಡ್ಡದೆನಿಸುವುದು ಆಸ್ಪತ್ರೆ. ಗೋಷಾ ಎಂದರೆ ಪರದೆ. ಆಗ ದಂಡಿನಲ್ಲಿ ಬೌರಿಂಗ್ ಆಸ್ಪತ್ರೆ ಇತ್ತು, ಒಳ್ಳೆಯ ವೈದ್ಯರೂ ಇದ್ದರು. ಆದರೆ ಪರದೆಯಲ್ಲಿರುವ ಹೆಂಗಸರು ಗಂಡಸು ವೈದ್ಯರ ಮುಂದೆ ಬರುತ್ತಿರಲಿಲ್ಲ. ಬರಲು ಮನೆಯವರು ಬಿಡುತ್ತಿರಲಿಲ್ಲ. ಹೆರಿಗೆ ಕಷ್ಟವಾದರೆ ಮನೆಯೊಳಗೇ ಸೂಲಗಿತ್ತಿಯ ಕೈಯಲ್ಲಿ ಬದುಕಿದರೆ ಬದುಕಿದರು. ಇದು ಮುಸ್ಲಿಂ ಮನೆಗಳ ಕಥೆ ಮಾತ್ರವಲ್ಲ. ಪರದೆ ಇಲ್ಲದ ನಮ್ಮ ಹಳ್ಳಿಯ ಮನೆಗಳಲ್ಲೂ ಸಂಕೋಚ, ಭಯ, ದೂರ, ಬಡತನ ಸೇರಿ ಅದೇ ಫಲ ಕೊಡುತ್ತಿದ್ದವು. ಬಾಣಂತಿ ಸತ್ತರೆ ಹಣೆಬರಹ ಎನ್ನುತ್ತಿದ್ದ ಕಾಲ.

ಎರಡು ಕೆಲಸ ಮಾಡಬಹುದಿತ್ತು. ಪರದೆ ತಪ್ಪು, ಮೊದಲು ಅದನ್ನು ಬಿಡಿ, ಆಮೇಲೆ ಔಷಧ ಎಂದು ಉಪದೇಶ ಮಾಡಬಹುದಿತ್ತು. ಅಥವಾ ಪರದೆಯೊಳಗಿನ ಹೆಂಗಸು ಇರುವಂತೆಯೇ ಬಂದು ಚಿಕಿತ್ಸೆ ಪಡೆಯುವ ಜಾಗ ಮಾಡಬಹುದಿತ್ತು. ಸೇಟ್ ಅವರು ಎರಡನೆಯದನ್ನು ಆರಿಸಿದರು. 1920ರ ದಶಕದಲ್ಲಿ ಅವರ ದಾನದಿಂದ ಬ್ಲ್ಯಾಕ್‌ಪಲ್ಲಿಯಲ್ಲಿ ಹೆಂಗಸರಿಗೆಂದೇ ಗೋಷಾ ಆಸ್ಪತ್ರೆ ಆಯಿತು. ಆಗ ಅವರಿಗೆ ಅರವತ್ತು ದಾಟಿತ್ತು. ಗಿರಾಕಿ ಯಾರು, ಅವರಿಗೆ ಅಡ್ಡಿಯೇನು, ಆ ಅಡ್ಡಿಯನ್ನು ತೆಗೆಯುವುದು ಹೇಗೆ ಎಂದು ಯೋಚಿಸುವುದು ಒಳ್ಳೆಯ ವರ್ತಕನ ಗುಣ. ಅದನ್ನೇ ಅವರು ದಾನದಲ್ಲೂ ಬಳಸಿದರು.

ಕಾಲ ಕಳೆದಂತೆ ಆಸ್ಪತ್ರೆ ಸರ್ಕಾರದ್ದಾಯಿತು, ಗೋಷಾ ಎಂಬುದು ಹೆಸರಿನಲ್ಲಷ್ಟೇ ಉಳಿಯಿತು, ಎಲ್ಲ ಜಾತಿ ಧರ್ಮದ ಹೆಂಗಸರೂ ಬರತೊಡಗಿದರು. ಖಾಸಗಿ ಆಸ್ಪತ್ರೆಗೆ ಹಣವಿಲ್ಲದ ಕೂಲಿ ಕಾರ್ಮಿಕರಿಗೆ, ಕಟ್ಟಡ ಕೆಲಸಕ್ಕೆ ರಾಯಚೂರು, ಕಲಬುರಗಿಯಿಂದ ಬಂದವರಿಗೆ, ನಮ್ಮ ಹಳ್ಳಿಗಳ ಬಡ ಮನೆಯವರಿಗೆ ಅದು ಇವತ್ತಿಗೂ ಆಸರೆ. ಪರದೆಯ ಹೆಂಗಸರಿಗೆಂದು ತೆರೆದ ಬಾಗಿಲು ಎಲ್ಲರಿಗೂ ಬಾಗಿಲಾಯಿತು.

ರಸೆಲ್ ಮಾರ್ಕೆಟ್

1927ರಲ್ಲಿ ಬ್ಲ್ಯಾಕ್‌ಪಲ್ಲಿಯ ಚೌಕದಲ್ಲಿ ದೊಡ್ಡ ಮಾರುಕಟ್ಟೆ ಕಟ್ಟಡ ಎದ್ದಿತು. ಪುರಸಭೆಯ ಕಮಿಷನರಾಗಿದ್ದ ಟಿ.ಬಿ. ರಸೆಲ್ ಅವರ ಹೆಸರನ್ನು ಅದಕ್ಕಿಟ್ಟರು. ಬೀದಿಯ ಬಿಸಿಲು ದೂಳಿನಲ್ಲಿ ಕೂತು ಮಾರುತ್ತಿದ್ದವರಿಗೆ ಒಂದು ಸೂರು. ತರಕಾರಿ, ಹಣ್ಣು, ಹೂವು, ಮಾಂಸ ಎಂದು ಬೇರೆ ಬೇರೆ ಜಾಗ. 1933ರಲ್ಲಿ ಆ ಮಾರುಕಟ್ಟೆಯ ವಿಧ್ಯುಕ್ತ ಉದ್ಘಾಟನೆ ಮಾಡಿದವರು ಹಾಜಿ ಸರ್ ಇಸ್ಮಾಯಿಲ್ ಸೇಟ್. ಅವರಿಗೆ ಆಗ 74. ಸೌತ್ ಪರೇಡಿನ ಗಾಜಿನ ಕಪಾಟಿನ ಅಂಗಡಿಯವರು, ನಮ್ಮ ಅಜ್ಜಿಯಂಥವರು ಸೊಪ್ಪಿನ ಕಂತೆ ಹಿಡಿದು ಕೂರುವ ಮಾರುಕಟ್ಟೆಯನ್ನು ತೆರೆದರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಎರಡೂ ವ್ಯಾಪಾರವೇ.

ಮರು ವರ್ಷ, 1934ರ ಏಪ್ರಿಲ್‌ನಲ್ಲಿ, ಸೇಟ್ ಅವರು ತಮ್ಮ 75ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮಾರುಕಟ್ಟೆ ಮಾತ್ರ ನಡೆಯುತ್ತಲೇ ಬಂತು. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟುಹೋದವು. ಇನ್ನು ಮುಗಿಯಿತು ಎಂದುಕೊಂಡವರೇ ಹೆಚ್ಚು. ಆದರೆ ವ್ಯಾಪಾರಿಗಳು ಬಿಟ್ಟುಹೋಗಲಿಲ್ಲ, ಮತ್ತೆ ಅಲ್ಲೇ ಅಂಗಡಿ ಹಾಕಿದರು. ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ತರಕಾರಿ ಬರುವ ಈ ಕಾಲದಲ್ಲೂ ಬೆಳಗ್ಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಇನ್ನೊಂದು ಮುಖ

ದೊಡ್ಡವರ ಬಗ್ಗೆ ಬರೆಯುವಾಗ ಹೊಗಳಿಕೆಯನ್ನಷ್ಟೇ ಬರೆದರೆ ಅದು ಪೂರ್ತಿ ಸತ್ಯವಾಗುವುದಿಲ್ಲ. ಸೇಟ್ ಅವರು ಬ್ರಿಟಿಷ್ ಆಡಳಿತದ ಆಪ್ತ ವಲಯದವರು. ಅವರ ಅಂಗಡಿಯ ಹೆಸರಿನಲ್ಲೇ ಇಂಗ್ಲಿಷ್ ಇತ್ತು. 1921ರಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ದೇಶದ ಹಲವೆಡೆ ವಿದೇಶಿ ಬಟ್ಟೆ ಸುಡುತ್ತಿದ್ದಾಗ ವಿಲಾಯಿತಿ ವ್ಯಾಪಾರ ಮಾಡುವ ಎಲ್ಲ ವರ್ತಕರೂ ಆ ಬೆಂಕಿಯ ಇನ್ನೊಂದು ಬದಿಯಲ್ಲಿದ್ದರು. ನಮ್ಮ ನೇಕಾರರ ಮಗ್ಗ ನಿಲ್ಲಿಸಿದ್ದು ಹಡಗಿನಲ್ಲಿ ಬಂದ ಬಟ್ಟೆಯೇ ಎಂಬುದನ್ನು ನಾವು ಶಾಲೆಯಲ್ಲೇ ಓದಿದ್ದೇವೆ. ಸೌತ್ ಪರೇಡ್ ಮಹಾತ್ಮ ಗಾಂಧಿ ರಸ್ತೆಯಾಯಿತು. ಇಂಗ್ಲಿಷ್ ವೇರ್‌ಹೌಸ್ ನೆನಪಿನಿಂದಲೂ ಅಳಿಯಿತು. ಅದಕ್ಕಾಗಿ ಯಾರೂ ಅಳುತ್ತಿಲ್ಲ, ಅಳಬೇಕಾಗಿಯೂ ಇಲ್ಲ.

ಆದರೆ ಆ ಅಂಗಡಿಯ ಲಾಭ ಹೋಗಿ ಸೇರಿದ ಜಾಗವನ್ನು ನೋಡಬೇಕು. ಸೌತ್ ಪರೇಡಿನಿಂದ ಬ್ಲ್ಯಾಕ್‌ಪಲ್ಲಿಗೆ ನಡೆದು ಹೋಗಬಹುದಾದಷ್ಟೇ ದೂರ. ಅಂದಿನ ಲೆಕ್ಕದಲ್ಲಿ ಅದು ಎರಡು ಲೋಕಗಳ ನಡುವಿನ ದೂರ. ಸೇಟ್ ಅವರು ಒಂದು ಲೋಕದಲ್ಲಿ ದುಡಿದು ಇನ್ನೊಂದು ಲೋಕದಲ್ಲಿ ಖರ್ಚು ಮಾಡಿದರು. ಅವರ ಅಂಗಡಿಯ ಗಿರಾಕಿಗಳು ಅವರ ಆಸ್ಪತ್ರೆಗೆ ಬರಲಿಲ್ಲ. ಅವರ ಆಸ್ಪತ್ರೆಗೆ ಬಂದವರು ಎಂದೂ ಅವರ ಗಿರಾಕಿಗಳಾಗಿರಲಿಲ್ಲ.

ನಮಗೆ ಸಂಬಂಧಿಸಿದ ಮಾತು

ಇದನ್ನು ನಾನು ಶಾಲೆಯ ಸಂಚಿಕೆಗೆ ಬರೆಯಲು ಕಾರಣವಿದೆ. ನಮ್ಮ ಶಾಲೆಯಲ್ಲಿ ಓದಿದ ನನ್ನ ವಯಸ್ಸಿನವರಲ್ಲಿ ಅನೇಕರು ಇವತ್ತು ಹೊರ ವರ್ತುಲ ರಸ್ತೆ, ವೈಟ್‌ಫೀಲ್ಡ್, ಮಹದೇವಪುರದ ಕಂಪನಿಗಳಲ್ಲಿದ್ದೇವೆ. ನಮ್ಮ ಗಿರಾಕಿಗಳು ಅಮೆರಿಕ, ಇಂಗ್ಲೆಂಡಿನಲ್ಲಿದ್ದಾರೆ. ಸೇಟ್ ಅವರ ಕಾಲದಲ್ಲಿ ಸರಕು ಅಲ್ಲಿಂದ ಇಲ್ಲಿಗೆ ಬರುತ್ತಿತ್ತು, ಈಗ ನಮ್ಮ ಕೆಲಸ ಇಲ್ಲಿಂದ ಅಲ್ಲಿಗೆ ಹೋಗುತ್ತದೆ. ಒಂದು ರೀತಿಯಲ್ಲಿ ನಾವೂ ಸೌತ್ ಪರೇಡಿನವರೇ. ಗಾಜಿನ ಕಟ್ಟಡದಲ್ಲಿ ದುಡಿಯುತ್ತೇವೆ. ಅದರ ಕಾಂಪೌಂಡಿನ ಆಚೆ ನಾವೇ ಓದಿದ ಸರ್ಕಾರಿ ಶಾಲೆ ಇದೆ. ಆ ಸ್ವಲ್ಪ ದೂರವನ್ನು ನಾವು ದಾಟುತ್ತೇವೆಯೇ ಎಂಬುದಷ್ಟೇ ಪ್ರಶ್ನೆ.

ಆಸ್ಪತ್ರೆ ಕಟ್ಟಿಸುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲದಿರಬಹುದು. ಆದರೆ ಸೇಟ್ ಅವರಂತೆ ಕೇಳಬಹುದು: ಬರಬೇಕಾದವರಲ್ಲಿ ಬರದೆ ಉಳಿದವರು ಯಾರು, ಅವರಿಗೆ ಅಡ್ಡಿಯಾಗಿರುವುದೇನು? ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ಹೆಣ್ಣುಮಕ್ಕಳು ಶಾಲೆ ಬಿಡುತ್ತಿದ್ದರೆ ಅಡ್ಡಿ ಶೌಚಾಲಯವೋ, ಬಸ್ಸೋ, ಮನೆಯ ಕೆಲಸವೋ? ಕೂಲಿಗೆಂದು ದೂರದಿಂದ ಬಂದವರ ಮಕ್ಕಳಿಗೆ ಅಡ್ಡಿ ಭಾಷೆಯೋ, ಕಾಗದಪತ್ರವೋ? ಉತ್ತರ ಗೊತ್ತಾದರೆ ಖರ್ಚು ಎಷ್ಟೆಂದು ಲೆಕ್ಕ ಹಾಕುವುದು ಕಷ್ಟವಲ್ಲ, ನಮ್ಮಲ್ಲಿ ಲೆಕ್ಕ ಬಲ್ಲವರು ಬಹಳ ಜನರಿದ್ದಾರೆ. ಹಳೆಯ ವಿದ್ಯಾರ್ಥಿಗಳ ಸಂಘ ಈ ಸುವರ್ಣ ವರ್ಷದಲ್ಲಿ ಇಂಥ ಒಂದು ಅಡ್ಡಿಯನ್ನು ಆರಿಸಿಕೊಂಡು ತೆಗೆದುಹಾಕಲಿ ಎಂಬುದು ನನ್ನ ಕೋರಿಕೆ. ನನ್ನ ಪಾಲನ್ನು ಕೊಡಲು ಸಿದ್ಧನಿದ್ದೇನೆ.